ಒಂಬತ್ತನೇ ಲಂಗ

ವರದಿಯ ಮೂರನೇ ಪುಟ ಬರುವವರೆಗೂ ಕ್ರಿಸಾಂತಾ ಬಾಯಿ ಬಿಡದೆ ಕೂತಿದ್ದಳು. ಅವಳ ಮಟ್ಟಿಗೆ ಅದೇ ದೊಡ್ಡ ಸಂಗತಿ. ಸಾನ್ ಬಾರ್ತೊಲೊ ಶಾಲ್ಪಾನ್ ಊರಿಗೆ ಊರೇ ಆ ದಿನ ಶಾಲೆಯ ತಗಡಿನ ಚಪ್ಪರದಡಿ ಸೇರಿತ್ತು. ಏಪ್ರಿಲ್ ಬಿಸಿಲಿಗೆ ತಲೆಯ ಮೇಲಿನ ತಗಡು ಕಾದ ಹಂಚಾಗಿತ್ತು. ಊರಿನ ಅಧ್ಯಕ್ಷ ಎವೆರಾರ್ದೊ ಕನ್ನಡಕವನ್ನು ಮೂಗಿನ ತುದಿಗಿಳಿಸಿಕೊಂಡು, ರಾಜಧಾನಿಯಿಂದ ಬಂದ ವರದಿಯನ್ನು ಬೆರಳಿಟ್ಟು ಒಂದೊಂದೇ ಸಾಲು ಓದುತ್ತಿದ್ದ.

"'ಈ ಜ್ವಾಲಾಮುಖಿ ಕೊನೆಯದಾಗಿ ಸಿಡಿದು ಸುಮಾರು ಹನ್ನೆರಡು ಸಾವಿರ ವರ್ಷಗಳಾಗಿವೆ.' ಕೇಳಿಸ್ತಾ ಎಲ್ರಿಗೂ? ಹನ್ನೆರಡು ಸಾವಿರ." ಅವನು ಎಂಜಲು ಹಚ್ಚಿ ಹಾಳೆ ತಿರುಗಿಸಿದ. "'ಕಂದರದ ಗೋಡೆಯಲ್ಲಿ ಎಲ್ಲಕ್ಕಿಂತ ಮೇಲಿರುವ ಪದರವನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಅದು ಮನುಷ್ಯರ ಕೈಯಾಡಿ ಕೆಟ್ಟಿದೆ. ಹಾಗಾಗಿ ಕೆಳಗಿನ ಬಯಲಿನಲ್ಲಿ ಶಾಲೆ ಕಟ್ಟಲು ಅಡ್ಡಿಯಿಲ್ಲ.'"

ಜನ ಚಪ್ಪಾಳೆ ತಟ್ಟಿದರು. ತಟ್ಟದೆ ಏನು ಮಾಡುತ್ತಾರೆ? ಹನ್ನೊಂದು ವರ್ಷದಿಂದ ಅವರ ಮಕ್ಕಳು ಈ ತಗಡಿನಡಿ ಬೇಯುತ್ತಿದ್ದರು. ಸರ್ಕಾರ ಕೊನೆಗೂ ಕಟ್ಟಡಕ್ಕೆ ಒಪ್ಪಿತ್ತು. ವರ್ಷದೊಳಗೆ ಅಡಿಪಾಯ ಹಾಕದಿದ್ದರೆ ಅದೂ ಕೈಬಿಟ್ಟುಹೋಗುತ್ತಿತ್ತು. ಆದರೆ ಕ್ರಿಸಾಂತಾಳಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಆಗಸ್ಟಿನಲ್ಲಿ ಅವಳ ಮೊಮ್ಮಗಳು ಯರೆಲಿ ಶಾಲೆಗೆ ಸೇರುವವಳು. ಆ ಮಗುವನ್ನು, ಊರಿನ ಅಷ್ಟೂ ಮಕ್ಕಳನ್ನು, ಇವರು ಬೆಟ್ಟದಜ್ಜಿಯ ಬಾಯಿಯ ಎದುರಿಗೆ ಸಾಲಾಗಿ ಕೂರಿಸಲು ಹೊರಟಿದ್ದರು.

ಅವಳು ಎದ್ದು ನಿಂತಳು. "ಕೊಂಪಾದ್ರೆ, ಒಂದು ಮಾತು."

"ಹೇಳಿ, ಕೊಮಾದ್ರೆ."

ಕ್ರಿಸಾಂತಾಳ ಮಗಳ ಜ್ಞಾನಸ್ನಾನದಲ್ಲಿ ಮಗುವನ್ನು ಎತ್ತಿ ಹಿಡಿದವನು ಎವೆರಾರ್ದೊ. ಚಿಕ್ಕಂದಿನಲ್ಲಿ ಒಬ್ಬರ ಮೇಲೊಬ್ಬರು ಕಳ್ಳಿಹಣ್ಣು ಎಸೆದುಕೊಂಡು ಬೆಳೆದ ಇಬ್ಬರೂ ಆ ದಿನದಿಂದ ಕೊಂಪಾದ್ರೆ, ಕೊಮಾದ್ರೆ ಆದರು. ಎಸೆದಾಟವೂ ನಿಂತಿತು, ಏಕವಚನವೂ ನಿಂತಿತು. ಕೊಂಪಾದ್ರೆಯ ಮೇಲೆ ದನಿ ಏರಿಸುವ ಹಾಗಿಲ್ಲ. ಕೊಮಾದ್ರೆ ಬಾಯಿಬಿಟ್ಟು ಕೇಳಿದ್ದಕ್ಕೆ ಇಲ್ಲ ಎನ್ನುವ ಹಾಗಿಲ್ಲ. ಶಾಲ್ಪಾನಿನಲ್ಲಿ ಗಂಡಹೆಂಡಿರು ಬೇರೆಯಾದದ್ದುಂಟು, ಈ ನಂಟು ಮುರಿದದ್ದು ಯಾರೂ ಕಂಡಿಲ್ಲ. ಹಾಗಾಗಿ ಅವಳು ಹಲ್ಲು ಕಚ್ಚಿಕೊಂಡು ಮರ್ಯಾದೆಯಿಂದಲೇ ಕೇಳಿದಳು.

"ಆ ಬಯಲು ಅಷ್ಟು ಸಮತಟ್ಟಾಗಿ ಯಾಕಿದೆ, ಹೇಳ್ತೀರಾ? ಸುತ್ತ ಎಲ್ಲ ಏರು ತಗ್ಗು. ಅದೊಂದೇ ಯಾಕೆ ಸಾರಿಸಿದ ನೆಲದ ಹಾಗಿದೆ?"

"ದೇವರು ಕೊಟ್ಟಿದ್ದು, ಕೊಮಾದ್ರೆ. ಶಾಲೆ ಕಟ್ಟಲಿ ಅಂತ."

ಜನ ನಕ್ಕರು.

"ದೇವರಲ್ಲ, ಅಜ್ಜಿ ಕೊಟ್ಟಿದ್ದು. ಕಂದರದಲ್ಲಿ ಕೆಸರು ಇಳಿದು ಬಂದು ಅಲ್ಲಿ ಹರಡ್ಕೊಂಡಿದೆ. ಒಂಬತ್ತನೇ ಲಂಗದ ಕೆಸರು. ಅದನ್ನ ಲೆಕ್ಕಕ್ಕೇ ತಗೊಂಡಿಲ್ಲ ಅಂದ್ರೆ ಏನರ್ಥ?"

"ಅರ್ಥ ಗಿರ್ಥ ನಂಗೊತ್ತಿಲ್ಲ. ಬರೆದೋರು ಓದಿದೋರು. ನಾನೂ ನೀವೂ ಬಾವಿ ಅಗೆದೋರು."

ಅದಕ್ಕೂ ಜನ ನಕ್ಕರು. ಕ್ರಿಸಾಂತಾ ಶಾಲನ್ನು ಎಳೆದುಕೊಂಡು ಹೊರಟುಬಿಟ್ಟಳು. ಇನ್ನೊಂದು ಗಳಿಗೆ ಅಲ್ಲಿ ನಿಂತಿದ್ದರೆ ಮರ್ಯಾದೆ ಉಳಿಯುತ್ತಿರಲಿಲ್ಲ.

ಬೆಟ್ಟಕ್ಕೆ ನಕ್ಷೆಯಲ್ಲಿ ಬೇರೇನೋ ಹೆಸರಿದೆ. ಊರಿನ ಬಾಯಲ್ಲಿ ಅದು ಅಜ್ಜಿ. ಅಜ್ಜಿ ಒಂದೊಂದು ಸಲ ಎಚ್ಚರವಾದಾಗಲೂ ಒಂದೊಂದು ಲಂಗ ಕಳಚಿ ಕೆಳಗೆ ಬಿಸಾಡಿದಳು ಎನ್ನುವುದು ಇಲ್ಲಿನ ಮಾತು. ಊರಿನ ಹಿಂದೆ ಮಳೆನೀರು ಕೊರೆದ ಕಂದರವಿದೆ. ಅದರ ಕಡಿದಾದ ಗೋಡೆಯಲ್ಲಿ ಲಂಗಗಳೆಲ್ಲ ಒಂದರ ಮೇಲೊಂದು ಮಡಿಸಿಟ್ಟ ಹಾಗೆ ಕಾಣುತ್ತವೆ. ಕ್ರಿಸಾಂತಾ ಎಣಿಕೆ ಕಲಿತದ್ದೇ ಅಲ್ಲಿ. ಎಲ್ಲಕ್ಕಿಂತ ಕೆಳಗಿನದು ಕರಿಕಲ್ಲು. ಬೆಟ್ಟ ಕರಗಿ ಹರಿದು ಆರಿದ್ದು. ಎರಡನೆಯದು ಇಟ್ಟಿಗೆ ಬಣ್ಣದ ಬೂದಿ. ನಾಲ್ಕನೆಯದು ಆಳೆತ್ತರದ ಬಿಳಿ ಪದರ, ಅದರಲ್ಲಿರುವುದೆಲ್ಲ ನೀರಿಗೆ ಹಾಕಿದರೆ ತೇಲುವ ಕಲ್ಲು. ಆರನೆಯದರಲ್ಲಿ ಮನೆಯಷ್ಟು ದೊಡ್ಡ ಬಂಡೆಗಳಿವೆ. ಅಜ್ಜಿಯ ಒಂದು ಭುಜವೇ ಕುಸಿದು ಬಂದದ್ದು. ಎಂಟನೆಯದು ಮತ್ತೆ ಬಿಳಿ. ಅದರ ಮೇಲೆ ಗೇಣು ದಪ್ಪದ ಮಣ್ಣು, ಅದರ ಮೇಲೆ ಒಂಬತ್ತನೆಯದು: ಮೊದಲು ಒಲೆಯ ಬೂದಿಯಂಥ ಬೂದಿ, ಆಮೇಲೆ ಕಲ್ಲು ಸೇರಿಸಿ ಕಲೆಸಿದಂಥ ಗಟ್ಟಿ ಕೆಸರು. ಅಜ್ಜಿ ಅದನ್ನು ಕಳಚುವ ಹೊತ್ತಿಗೆ ಕೆಳಗೆ ಮನುಷ್ಯರಿದ್ದರು, ಅವರ ಹೊಲದ ಜೋಳ ನಿಂತಲ್ಲೇ ಸುಟ್ಟುಹೋಯಿತು ಎಂದು ಅವಳ ಅಜ್ಜಿ ಹೇಳುತ್ತಿದ್ದಳು. ಜೋಳ ಎಂದರೆ ಮುಸುಕಿನ ಜೋಳ. ಇಲ್ಲಿ ಬೇರೆ ಜೋಳವಿಲ್ಲ.

ಫೆಬ್ರವರಿಯಲ್ಲಿ ಈ ವರದಿ ಬರೆಯಲೆಂದು ಭೂವಿಜ್ಞಾನಿ ನೊಯೆಮಿ ಬಂದಾಗ ಅವಳಿಗೆ ಗೋಡೆ ತೋರಿಸಿದ್ದು ಕ್ರಿಸಾಂತಾಳೇ. ಮೂವತ್ತರ ಹುಡುಗಿ, ಬಿಸಿಲಿಗೆ ಮೂಗು ಸುಲಿದುಕೊಂಡಿದ್ದಳು. ಅಹಂಕಾರವಿರಲಿಲ್ಲ, ಕೂಡಿಸಿಕೊಂಡು ತಿಳಿಹೇಳುವ ತಾಳ್ಮೆಯಿತ್ತು, ಹಿರಿಯಳೆಂದು ಕ್ರಿಸಾಂತಾಳನ್ನು ದೊನ್ಯಾ ಎಂದೇ ಕರೆಯುತ್ತಿದ್ದಳು.

"ಎರಡು ಲಂಗದ ನಡುವೆ ಮಣ್ಣಿದೆಯಲ್ಲ, ದೊನ್ಯಾ ಕ್ರಿಸಾ, ಅದು ಅಜ್ಜಿ ಮಲಗಿದ್ದ ಕಾಲ. ಮಣ್ಣು ದಪ್ಪ ಇದ್ದಷ್ಟೂ ನಿದ್ದೆ ಉದ್ದ."

"ಈಗ ಮಲಗಿದಾಳೋ ಸತ್ತಿದಾಳೋ?"

"ಎಂಟೇ ಲಂಗ ಆದ್ರೆ ನಿದ್ದೆ ತುಂಬಾ ಗಾಢ ಅಂತ ಬರೀಬಹುದು. ಒಂಬತ್ತನೇದು ನಿಜ, ಅದೂ ಜನ ಇದ್ದಾಗ ಬಿದ್ದಿದ್ದು ಅಂತ ಗೊತ್ತಾದ್ರೆ ಬೇರೆ ಮಾತು. ಕೆಸರು ಬಂದ ದಾರೀಲಿ ಶಾಲೆ ಕಟ್ಟೋಕೆ ಯಾರೂ ಒಪ್ಪಲ್ಲ. ಆದ್ರೆ ಎಷ್ಟು ಹಳೇದು ಅಂತ ತಿಳಿಯೋಕೆ ಅದರೊಳಗೆ ಸುಟ್ಟಿದ್ದು ಏನಾದ್ರೂ ಸಿಗಬೇಕು. ಇದ್ದಿಲೋ, ಕಡ್ಡಿಯೋ."

ಕ್ರಿಸಾಂತಾ ಹೆಮ್ಮೆಯಿಂದ ಅವಳ ಕೈಹಿಡಿದು ಗೋಡೆಯ ಪಕ್ಕದ ಕಾಲುದಾರಿಯಲ್ಲಿ ಮೇಲಕ್ಕೆ ಕರೆದೊಯ್ದು, ಒಂಬತ್ತನೇ ಲಂಗದಲ್ಲಿ ಎಲ್ಲಕ್ಕಿಂತ ಕರ್ರಗಿದ್ದ ಮೂರು ಕಡೆ ಬೆರಳಿಟ್ಟು ತೋರಿಸಿದ್ದಳು. "ಇಲ್ಲಿ ತಗೋ ತಾಯಿ. ಇಲ್ಲಿ ಇದ್ದಿಲು ಚೆನ್ನಾಗಿದೆ."

ಸಭೆಯ ಮರುದಿನ ಬೆಳಿಗ್ಗೆ ನೊಯೆಮಿ ತಾನು ಉಳಿದುಕೊಂಡಿದ್ದ ಪಾದ್ರಿಯ ಮನೆಯ ಮುಂದೆ ಜೀಪಿಗೆ ಪೆಟ್ಟಿಗೆಗಳನ್ನು ತುಂಬುತ್ತಿದ್ದಾಗ ಕ್ರಿಸಾಂತಾ ಬಿರುಗಾಳಿಯ ಹಾಗೆ ಬಂದು ನಿಂತಳು.

"ಮನುಷ್ಯರ ಕೈಯಾಡಿದೆ ಅಂತ ಬರೆದಿದೀಯಲ್ಲ, ಯಾರ ಕೈ? ನನ್ನ ರೊಟ್ಟಿ ತಿಂದು, ನಾನು ತೋರಿಸಿದ ಲಂಗ ನೋಡಿ, ಕೊನೆಗೆ ಅದು ಇಲ್ಲವೇ ಇಲ್ಲ ಅಂತ ಬರೆದು ಕೊಟ್ಟು ಹೋಗ್ತಿದೀಯಾ?"

ನೊಯೆಮಿ ಪೆಟ್ಟಿಗೆ ಕೆಳಗಿಟ್ಟಳು. ಕಾಗದವೊಂದನ್ನು ತೆಗೆದು ಜೀಪಿನ ಮೂತಿಯ ಮೇಲೆ ಹರಡಿದಳು. "ನೀವು ತೋರಿಸಿದ ಮೂರೂ ಕಡೆಯ ಇದ್ದಿಲು, ದೊನ್ಯಾ ಕ್ರಿಸಾ. ಮೊದಲನೇದು ನಲವತ್ತು ವರ್ಷದ್ದು. ಎರಡನೇದು ಎಂಬತ್ತೈದು. ಮೂರನೇದು ಇನ್ನೂರ ಹತ್ತು. ನಲವತ್ತು ವರ್ಷದ ಹಿಂದೆ ಅಜ್ಜಿ ಸಿಡಿದಿದ್ರೆ ನೀವೇ ನೋಡಿರ್ತಿದ್ರಿ. ಯಾರೋ ಹೊಸ ಬೂದಿ ತಂದು ಅಲ್ಲಿ ತುಂಬಿದಾರೆ. ಯಾರು, ಯಾಕೆ, ನಂಗೊತ್ತಿಲ್ಲ."

ಕ್ರಿಸಾಂತಾ ಕಾಗದ ನೋಡಿದಳು. ಆಮೇಲೆ ತನ್ನ ಅಂಗೈ ನೋಡಿಕೊಂಡಳು.

ಪ್ರತಿ ವರ್ಷ ಮೇ ತಿಂಗಳಲ್ಲಿ, ಶಿಲುಬೆ ಹಬ್ಬದ ಮುನ್ನಾದಿನ, ಊರಿನ ಹೆಂಗಸರೆಲ್ಲ ತಮ್ಮ ಒಲೆಯ ಬೂದಿಯನ್ನು ಬುಟ್ಟಿಗಳಲ್ಲಿ ತುಂಬಿಕೊಂಡು ಕಂದರಕ್ಕೆ ಹೋಗುತ್ತಾರೆ. ಮಳೆಗೆ ಒಂಬತ್ತನೇ ಲಂಗ ಎಲ್ಲೆಲ್ಲಿ ಕೊರೆದುಹೋಗಿದೆಯೋ ಅಲ್ಲೆಲ್ಲ ಬೂದಿ ಒತ್ತಿ, ಅಂಗೈಯಿಂದ ತಟ್ಟಿ ಕೂರಿಸುತ್ತಾರೆ. ಅದಕ್ಕೆ ಲಂಗಕ್ಕೆ ತೇಪೆ ಹಾಕುವುದು ಎಂದು ಹೆಸರು. ಅಜ್ಜಿಯ ಬೂದಿಯೂ ಒಲೆಯ ಬೂದಿಯೂ ಒಂದೇ, ಅವಳ ಮೈಮೇಲಿನ ಕೊನೆಯ ಬಟ್ಟೆ ಹರಿದರೆ ಅವಳು ಚಳಿಗೆ ಎಚ್ಚರವಾದಾಳು ಎಂದು ಈ ಕೆಲಸ ತಲೆಮಾರುಗಳಿಂದ ನಡೆದುಬಂದಿತ್ತು. ಕ್ರಿಸಾಂತಾ ಹೋದ ವರ್ಷವೂ ಎರಡು ಬುಟ್ಟಿ ಹೊತ್ತಿದ್ದಳು. ನೊಯೆಮಿಗೆ ತೋರಿಸಿದ ಒಂದು ಜಾಗ ಅವಳ ತಾಯಿಯೇ ತಟ್ಟಿದ್ದು. ಅಲ್ಲಿ ಕರಿ ಹೆಚ್ಚಾಗಿದ್ದದ್ದೇ ಅದಕ್ಕೆ.

"ನಾವೇ," ಎಂದಳು ಕ್ರಿಸಾಂತಾ, ಮತ್ತು ಎಲ್ಲವನ್ನೂ ಹೇಳಿದಳು.

ನೊಯೆಮಿ ಜೀಪಿನ ಚಕ್ರಕ್ಕೆ ಒರಗಿ ನೆಲದ ಮೇಲೆ ಕೂತುಬಿಟ್ಟಳು. "ಮೊದಲೇ ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ಲ. ನಾವು ಒಲೆ ಹಚ್ತೀವಿ ಅಂತಲೂ ನಾನು ಹೇಳ್ಲಿಲ್ಲ. ದಿನಾ ಮಾಡೋದನ್ನ ಯಾರಾದ್ರೂ ಹೇಳ್ತಾರಾ?"

ನಿನ್ನೆಯಿಂದ ಊರಿನ ಮೇಲೆ, ಎವೆರಾರ್ದೊನ ಮೇಲೆ, ಈ ಹುಡುಗಿಯ ಮೇಲೆ ಕಾರಿಕೊಂಡ ಕೋಪವೆಲ್ಲ ತಿರುಗಿ ಕ್ರಿಸಾಂತಾಳ ಮೇಲೇ ಬಂದು ಬಿತ್ತು. ಎಷ್ಟು ಭಕ್ತಿ, ಎಷ್ಟು ಶ್ರದ್ಧೆ! ಒಬ್ಬಳೂ ಒಂದು ವರ್ಷ ತಪ್ಪಿಸಲಿಲ್ಲ. ಅಜ್ಜಿ ಹೇಳಬೇಕೆಂದಿದ್ದ ಒಂದೇ ಒಂದು ಮಾತನ್ನು ಅವಳ ಬಾಯೊಳಗೆ ಬೂದಿ ತುರುಕಿ ಮುಚ್ಚಿದ್ದರು.

"ಗೋಡೆ ಇನ್ನೂ ಒಳಗೆ ಅಗೆದ್ರೆ?" ಎಂದು ಕೇಳಿದಳು.

"ಮೈಮೇಲೆ ಬೀಳತ್ತೆ. ಅಲ್ದೆ ತೇಪೆ ಎಲ್ಲಿ ಮುಗಿಯತ್ತೆ, ಲಂಗ ಎಲ್ಲಿ ಶುರು ಅಂತ ಯಾರೂ ಆಣೆ ಮಾಡಿ ಹೇಳೋಕಾಗಲ್ಲ. ಯಾರ ಕೈಯೂ ತಾಗದ ಜಾಗ ಬೇಕು."

ಕ್ರಿಸಾಂತಾ ಸೆರಗಿನಂತೆ ಇಳಿಬಿದ್ದಿದ್ದ ಶಾಲಿನ ತುದಿಯಿಂದ ಮುಖ ಒರೆಸಿಕೊಂಡಳು. "ಪೆಟ್ಟಿಗೆ ಕೆಳಗಿಳಿಸು. ನಮ್ಮ ಮನೇಲಿ ಬಾವಿ ಇದೆ."

ಆ ಬಾವಿ ಅವಳ ಅಪ್ಪ ಹಿಲಾರಿಯೊ ತೋಡಿದ್ದು, ನಲವತ್ತು ವರ್ಷದ ಕೆಳಗೆ. ಬಯಲಿನ ಮೇಲಂಚಿನಲ್ಲಿರುವ ಅವಳ ಅಂಗಳದಿಂದ ಏಳು ಮಾರು ಆಳ. ಕಂದರದ ಗೋಡೆಯಲ್ಲಿ ಕಾಣುವ ಲಂಗಗಳನ್ನೇ ತೂತು ಮಾಡಿಕೊಂಡು ಇಳಿದಿತ್ತು. ಗಟ್ಟಿ ನೆಲ ಸಿಕ್ಕಲ್ಲಿ ಅಪ್ಪ ಹಾಗೇ ಬಿಟ್ಟಿದ್ದ, ಸಡಿಲ ಇದ್ದಲ್ಲಿ ಸುತ್ತ ಕಲ್ಲು ಕಟ್ಟಿದ್ದ. ಬೂದಿ ಇರುವುದು ಆ ಕಲ್ಲುಗಳ ಹಿಂದೆ. ಕಟ್ಟಿದ ಬಾವಿಯಿಂದ ಒಂದು ಕಲ್ಲು ಕಿತ್ತರೂ ಬಾವಿ ಉಳಿಯುವುದಿಲ್ಲ ಎಂದು ಹಿಲಾರಿಯೊ ನೂರು ಸಲ ಹೇಳಿದ್ದ. ಕ್ರಿಸಾಂತಾ ಅದನ್ನು ನೆನೆದಳು, ಆಮೇಲೆ ಯರೆಲಿಯನ್ನು ನೆನೆದು ಹಾರೆ ಹುಡುಕತೊಡಗಿದಳು.

ಹಗ್ಗ ಹಿಡಿಯಲು ತಿಳಿದವರು ಬೇಕಿತ್ತು. ಹಿಲಾರಿಯೊನ ಕೈಕೆಳಗೆ ಹಗ್ಗದ ಕೆಲಸ ಕಲಿತವರಲ್ಲಿ ಬದುಕಿದ್ದವನು ಒಬ್ಬನೇ. ಎವೆರಾರ್ದೊ ಆಗ ಬಯಲಿನಲ್ಲಿ ಅಡಿಪಾಯಕ್ಕೆ ಸುಣ್ಣದ ಗೆರೆ ಹಾಕಿಸುತ್ತಿದ್ದ.

"ಕೊಂಪಾದ್ರೆ, ನಾಳೆ ಬೆಳಿಗ್ಗೆ ನಾನು ಬಾವಿಗಿಳೀತೀನಿ. ನೀವು ಹಗ್ಗ ಹಿಡೀಬೇಕು."

ಅವನ ಮುಖ ಅಲ್ಲಿನ ಸುಣ್ಣಕ್ಕಿಂತ ಬೆಳ್ಳಗಾಯಿತು. "ಈ ವಯಸ್ಸಲ್ಲಿ ನಿಮಗ್ಯಾಕೆ ಬಾವಿ? ಹಾಗೆ ಬೇಕೇ ಬೇಕು ಅಂದ್ರೆ ಬೇರೆ ಯಾರನ್ನಾದ್ರೂ..."

"ಬೇರೆಯೋರೆಲ್ಲ ಸ್ಮಶಾನದಲ್ಲಿದಾರೆ. ಅವರನ್ನ ಎಬ್ಬಿಸ್ಕೊಂಡು ಬರ್ಲಾ?"

"ಏನು ಹುಡುಕ್ತೀರಿ ಅಲ್ಲಿ?"

"ನಾನು ನಿಮ್ಮನ್ನ ಕೇಳ್ತಿರೋದು ಹಗ್ಗ ಹಿಡೀರಿ ಅಂತ. ಆಗಲ್ಲ ಅಂದ್ಬಿಡಿ, ನಾನು ಹೋಗ್ತೀನಿ."

ಕೊಮಾದ್ರೆಗೆ ಆಗಲ್ಲ ಎನ್ನುವುದು ಹೇಗೆ? ಮರುದಿನ ಬೆಳಿಗ್ಗೆ ಎಂಟಕ್ಕೆ ಅವನು ಹಳೆಯ ತೊಗಲಿನ ಕೈಗವಸು ತೊಟ್ಟು ಅವಳ ಅಂಗಳದಲ್ಲಿ ನಿಂತಿದ್ದ. ರಾಟೆಗೆ ಎಣ್ಣೆ ಬಿಟ್ಟ, ಹಗ್ಗವನ್ನು ಮಾರುಮಾರಾಗಿ ಎಳೆದು ನೋಡಿದ, ಡಬ್ಬಿಯಲ್ಲಿ ಮೇಣದಬತ್ತಿ ಹಚ್ಚಿ ಕೆಳಗಿಳಿಸಿದ. ಬತ್ತಿ ಆರಲಿಲ್ಲ, ಗಾಳಿ ಚೆನ್ನಾಗಿತ್ತು. ನೊಯೆಮಿ ಕ್ರಿಸಾಂತಾಳ ಸೊಂಟಕ್ಕೆ ಚೀಲ ಕಟ್ಟಿ, "ಏನು ಸಿಕ್ಕರೂ ಬರಿಗೈಲಿ ಮುಟ್ಬೇಡಿ. ಚಾಕುವಿಂದ ಬಿಡಿಸಿ ಈ ಬೆಳ್ಳಿ ಹಾಳೇಲಿ ಸುತ್ತಿ," ಎಂದಳು.

ಐವತ್ತಾರರ ಕ್ರಿಸಾಂತಾ ಹಲಗೆಯ ಮೇಲೆ ಕೂತು ಇಳಿದಳು. ಮೊದಲು ಮೇಲುಮಣ್ಣು, ಬೇರುಗಳು. ಆಮೇಲೆ ಕೆಸರಿನ ಪದರ. ಒಂದೂವರೆ ಮಾರು, ಎರಡು, ಮೂರು, ಮುಗಿಯುತ್ತಲೇ ಇಲ್ಲ. ಅದರಲ್ಲಿ ತಲೆಗಾತ್ರದ ಕಲ್ಲುಗಳು ಹೂತುಕೂತಿದ್ದವು. ಇಷ್ಟು ಕೆಸರು ಒಂದೇ ಏಟಿಗೆ ಬಂದದ್ದು. ಶಾಲೆ ಕಟ್ಟುವುದು ಇದರ ಮೇಲೆ.

ನಾಲ್ಕನೇ ಮಾರಿನಲ್ಲಿ ಅಪ್ಪ ಕಟ್ಟಿದ ಕಲ್ಲಿನ ಸುತ್ತು ಶುರುವಾಯಿತು. ಅವಳು ಹಗ್ಗ ಎರಡು ಸಲ ಜಗ್ಗಿದಳು, ಹಲಗೆ ನಿಂತಿತು. ಹಾರೆಯಿಂದ ಒಂದು ಕಲ್ಲು ಎಬ್ಬಿದಳು. ಅದು ಕೆಳಗೆ ನೀರಿಗೆ ಬಿದ್ದ ಸದ್ದಿಗೆ ಅಪ್ಪನೇ ಬೈದ ಹಾಗಾಯಿತು. ಹಿಂದೆ ಬರೀ ಜಲ್ಲಿ. ಇನ್ನೊಂದು ಕಿತ್ತಳು, ಅಲ್ಲಿಯೂ ಜಲ್ಲಿ. ಮೂರನೆಯದು ಕೀಳುವಾಗ ಮೇಲಿನಿಂದ ಒಂದು ಹಿಡಿ ಮಣ್ಣು ಜಾರಿ ತಲೆಯ ಮೇಲೆ ಸುರಿಯಿತು. ಕಣ್ಣಿಗೆ ಮಣ್ಣು, ಬಾಯಿಗೆ ಮಣ್ಣು. ತೋಳು ಸೋತಿತ್ತು. ಇನ್ನೆಷ್ಟು ಕಲ್ಲು ಕಿತ್ತರೆ ಬಾವಿ ತನ್ನನ್ನೂ ಸೇರಿಸಿಕೊಂಡು ಮುಚ್ಚಿಕೊಳ್ಳುತ್ತದೋ ತಿಳಿಯದು.

"ಇಲ್ಲಿ ಏನೂ ಇಲ್ಲ!" ಎಂದು ಮೇಲಕ್ಕೆ ಕೂಗಿದಳು.

ಆಮೇಲೆ ಎವೆರಾರ್ದೊನ ದನಿ ಇಳಿದು ಬಂತು.

"ಕೊಮಾದ್ರೆ... ಬರೀ ಕಲ್ಲು ಕೀಳ್ಬೇಡಿ, ಗೋಡೆ ಬೀಳತ್ತೆ. ಇನ್ನೊಂದು ಮೊಳ ಇಳಿಸ್ತೀನಿ. ಚರ್ಚಿನ ದಿಕ್ಕಿಗೆ ತಿರುಗಿ. ಅಗಲವಾದ ಕೆಂಪು ಕಲ್ಲು ಒಂದಿರತ್ತೆ. ಅದರ ಹಿಂದೆ ನೋಡಿ."

ಹಲಗೆ ಒಂದು ಮೊಳ ಇಳಿಯಿತು. ಕೆಂಪು ಕಲ್ಲು ಇತ್ತು. ಹಾರೆ ಹಾಕಿ ಮೀಟಿದಾಗ ಅದು ಸಲೀಸಾಗಿ ಬಂದು, ಹಿಂದಿನಿಂದ ಬೂದಿ ಹಿಟ್ಟಿನಂತೆ ಸುರಿಯಿತು. ಬೂದಿಯ ತಳದಲ್ಲಿ, ಹಳೆಯ ಮಣ್ಣಿಗೆ ಅಂಟಿಕೊಂಡು, ಬೆರಳುದ್ದದ ತೆನೆಗಳು ಕರ್ರಗೆ ಮಲಗಿದ್ದವು. ಈಗಿನ ತೆನೆಗಳಿಗಿಂತ ಎಷ್ಟೋ ಸಣ್ಣವು. ಕಾಳುಗಳ ಸಾಲು ಸಾಲು ಹಾಗೇ ಇತ್ತು. ಯಾರೋ ಕೊಯ್ಯಲು ಬರಬೇಕಿದ್ದ ಬೆಳೆ.

ಅವಳು ಚಾಕುವಿನಿಂದ ಬಿಡಿಸಿ, ಕೈ ತಾಗಿಸದೆ ನಾಲ್ಕು ತೆನೆ ಸುತ್ತಿ ಚೀಲಕ್ಕೆ ಹಾಕಿಕೊಂಡಳು.

"ಎವೆರಾರ್ದೊ," ಎಂದಳು ಅವಳು ಬಾವಿಯೊಳಗಿನಿಂದ. ಮೂವತ್ತು ವರ್ಷದಲ್ಲಿ ಮೊದಲ ಸಲ ಅವನ ಹೆಸರು ಹಿಡಿದು ಕರೆದಿದ್ದಳು. "ನಿಂಗೆ ಹೇಗೆ ಗೊತ್ತು?"

"ಮೇಲೆ ಬನ್ನಿ, ಹೇಳ್ತೀನಿ."

"ಇಲ್ಲಿಂದಲೇ ಕೇಳ್ತೀನಿ. ಹೇಳು."

"ಬುಟ್ಟೀಲಿ ಮೇಲೆ ಬಂದಿತ್ತು. ನಾನೇ ಎಳೆದಿದ್ದು. ಎರಡು ಬುಟ್ಟಿ ಸುಟ್ಟ ತೆನೆ. ನಿಮ್ಮಪ್ಪ, ಅಜ್ಜಿಯ ಸೊತ್ತು, ಯಾರಿಗೂ ಹೇಳ್ಬೇಡ ಅಂದ್ರು. ಗುರುತಿಗೆ ಕೆಂಪು ಕಲ್ಲಿಟ್ಟು ಮುಚ್ಚಿದ್ರು."

ಅಲ್ಲಿಗೆ ಕ್ರಿಸಾಂತಾಳ ಮರ್ಯಾದೆಯ ಕಟ್ಟೆ ಒಡೆಯಿತು. "ಗೊತ್ತಿತ್ತು ನಿಂಗೆ. ಗೊತ್ತಿದ್ದೂ ಆ ಚಪ್ಪರದಡಿ ನಿಂತು ಹನ್ನೆರಡು ಸಾವಿರ ವರ್ಷ ಅಂತ ಓದಿದೆ. ಊರೆಲ್ಲ ನಗೋ ಹಾಗೆ ನನ್ನ ಮಾತಿಗೆ ಚೇಷ್ಟೆ ಮಾಡಿದೆ. ನಿನ್ನ ಕೈಯಲ್ಲೇ ಹಾದುಹೋದ ತೆನೆ, ನಾಚಿಕೆ ಆಗ್ಲಿಲ್ವಾ ನಿಂಗೆ? ನನ್ನ ಮಗಳನ್ನ ದೇವರ ಮುಂದೆ ಎತ್ತಿ ಹಿಡಿದ ಕೈ ಅದು. ಅವಳ ಮಗಳನ್ನ ಅದೇ ಕೈಯಿಂದ ಕೆಸರಿನ ದಾರೀಲಿ ಕೂರಿಸ್ತಿದ್ದೀಯಲ್ಲೋ. ನನ್ನ ಜೀವ ಈಗ ಆ ಕೈಲಿ ತೂಗ್ತಿದೆ ಅಂತ ಗೊತ್ತಿದ್ದೇ ಬೈತಿದೀನಿ. ಬಿಡೋದಾದ್ರೆ ಬಿಡು ಹಗ್ಗ."

ಹಗ್ಗ ಒಮ್ಮೆ ಅದುರಿತು. ಆಮೇಲೆ ನಿಧಾನವಾಗಿ, ಹಿಲಾರಿಯೊ ಕಲಿಸಿದ್ದ ಹಾಗೆ ಒಂದು ಕೈ ಬಿಟ್ಟು ಇನ್ನೊಂದು ಕೈ ಹಿಡಿದು, ಅವನು ಅವಳನ್ನು ಮೇಲಕ್ಕೆಳೆದ.

ಕಟ್ಟೆಯ ಮೇಲೆ ಕೂರಿಸಿದಾಗ ಅವನ ಕಣ್ಣು ಕೆಂಪಾಗಿತ್ತು. ನೊಯೆಮಿ ಚೀಲ ತೆಗೆದುಕೊಂಡು ದೂರ ಸರಿದಳು.

"ಬೈದಿದ್ದು ಸಾಕಾದ್ರೆ ನನ್ನದೂ ಕೇಳಿ," ಎಂದ ಅವನು. "ಹೋದ ವರ್ಷ ಗಾಳಿಗೆ ತಗಡು ಹಾರಿ ಕುಂಬಾರರ ಹುಡುಗಿಯ ಹಣೆ ಸೀಳಿತು. ಹೊಲಿಗೆ ಹಾಕಿಸೋಕೆ ಪೇಟೆಗೆ ಹೊತ್ತುಕೊಂಡು ಓಡಿದ್ದು ನಾನು. ಬಿಸಿಲಿಗೆ ವಾರಕ್ಕೊಂದು ಮಗು ಕಣ್ಣುಕತ್ತಲೆ ಬಂದು ಬೀಳತ್ತೆ. ಅಜ್ಜಿ ಯಾವಾಗಲೋ ಒಂದು ಸಲ. ತಗಡು ದಿನಾ. ಆ ಬಯಲು ಬಿಟ್ರೆ ಊರಿನದು ಅನ್ನೋ ಜಾಗ ಬೇರೆ ಇಲ್ಲ. ನಾನು ಇನ್ನೇನು ಮಾಡ್ಬೇಕಿತ್ತು?"

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಅದೇ ಕ್ರಿಸಾಂತಾಳಿಗೆ ಇನ್ನಷ್ಟು ಸಿಟ್ಟು ತರಿಸಿತು.

"ಇದನ್ನೇ ಊರಿಗೆ ಹೇಳ್ಬೇಕಿತ್ತು," ಎಂದಳು. "ತೆನೆಯನ್ನೂ ತೋರಿಸಿ, ತಗಡನ್ನೂ ತೋರಿಸಿ, ಎರಡರಲ್ಲಿ ಯಾವುದು ಅಂತ ಕೇಳ್ಬೇಕಿತ್ತು. ಊರಿನ ಪರವಾಗಿ ನೀವೊಬ್ರೇ ಆರಿಸಿಬಿಟ್ರಿ, ಕೊಂಪಾದ್ರೆ."

ಬಹುವಚನ ಮರಳಿ ಬಂದಿತ್ತು. ಅದು ಅವನಿಗೆ ಬೈಗುಳಕ್ಕಿಂತ ಹೆಚ್ಚು ನಾಟಿತು. ಅವನು ಹಗ್ಗ ಸುತ್ತಿಟ್ಟು ಹೊರಟುಹೋದ.

ನೊಯೆಮಿ ಬರೆದ ಕಾಗದದಿಂದ ಅಡಿಪಾಯದ ಕೆಲಸ ನಿಂತಿತು. ಆ ಮೂರು ತಿಂಗಳು ಕ್ರಿಸಾಂತಾ ಪಟ್ಟ ಪಾಡು ಯಾರಿಗೂ ಬೇಡ. ಹಿಟ್ಟಿನ ಗಿರಣಿಯಲ್ಲಿ ಅವಳು ಬಂದರೆ ಮಾತು ನಿಲ್ಲುತ್ತಿತ್ತು. ಕುಂಬಾರರ ಹುಡುಗಿಯ ತಾಯಿಯಂತೂ ಎದುರಿಗೇ ಅಂದಳು: "ನಿಮ್ಮ ಮೊಮ್ಮಗಳಿಗೆ ಇನ್ನೂ ತಗಡು ಬಡಿದಿಲ್ಲ, ಅದಕ್ಕೇ ಈ ವಯ್ಯಾರ." ಶಿಲುಬೆ ಹಬ್ಬದ ಮುನ್ನಾದಿನ ಹೆಂಗಸರು ಬೂದಿ ಹೊತ್ತು ಕಂದರಕ್ಕೆ ಹೋದರು, ಅವಳು ಮಾತ್ರ ತನ್ನ ಬೂದಿಯನ್ನು ಹೂಕೋಸಿನ ಬುಡಕ್ಕೆ ಸುರಿದಳು. ಜೂನಿನ ಮಳೆಗೆ ಬಾವಿ ಕುಸಿಯಿತು. ಅಪ್ಪನ ಬಾವಿ ಇದ್ದ ಕಡೆ ಈಗ ಒಂದು ಹೊಂಡ, ಅದರ ತುಂಬ ಕೆಂಪು ನೀರು.

ಜುಲೈ ಕೊನೆಯ ಒಂದು ಮಧ್ಯಾಹ್ನ ನೊಯೆಮಿಯ ಜೀಪು ಬಂತು. ಜೊತೆಗೆ ಎವೆರಾರ್ದೊನೂ ಇದ್ದ. ಕ್ರಿಸಾಂತಾ ಅವನಿಗೂ ಒಂದು ಲೋಟ ಬಿಸಿ ಜೋಳದ ಗಂಜಿ ಕೊಟ್ಟಳು. ಎಷ್ಟೇ ಸಿಟ್ಟಿದ್ದರೂ ಮನೆಗೆ ಬಂದ ಕೊಂಪಾದ್ರೆಯನ್ನು ಬರಿಬಾಯಲ್ಲಿ ಕೂರಿಸುವ ಹಾಗಿಲ್ಲ.

"ಸಾವಿರದ ಮುನ್ನೂರು ವರ್ಷ," ಎಂದಳು ನೊಯೆಮಿ. "ಮೂರು ತೆನೆ ಬೇರೆ ಬೇರೆ ಕಡೆ ಕೊಟ್ಟೆ. ಮೂರೂ ಅಷ್ಟೇ ಹೇಳ್ತಿವೆ. ಹನ್ನೆರಡು ಸಾವಿರ ಅಲ್ಲ. ಅಜ್ಜಿ ನೆನ್ನೆ ಮೊನ್ನೆ ಮಲಗಿದಾಳೆ ಅನ್ನಬೇಕು. ನನ್ನ ವರದಿ ತಪ್ಪು, ದೊನ್ಯಾ ಕ್ರಿಸಾ. ಹಾಗಂತ ಬರೆದು ಸಹಿ ಹಾಕಿದೀನಿ."

ಅವಳು ಒಲೆಯ ಪಕ್ಕದ ಮೇಜಿನ ಮೇಲೆ ನಕ್ಷೆ ಹರಡಿದಳು. ಕಂದರದ ಬಾಯಿಂದ ಕೆಂಪು ಬಣ್ಣ ಬಯಲಿನುದ್ದಕ್ಕೂ ಬೀಸಣಿಗೆಯ ಹಾಗೆ ಬಿಚ್ಚಿಕೊಂಡಿತ್ತು. ಕೆಂಪಿನಲ್ಲಿ ಶಾಲೆ ಕಟ್ಟುವಂತಿಲ್ಲ. ಕೆಂಪಿನಲ್ಲಿ ಇರುವ ಮನೆಗಳಿಗೆ ಹೊಸ ಗೋಡೆಯಿಲ್ಲ, ಹೊಸ ಸೂರಿಲ್ಲ; ಇವತ್ತಲ್ಲ ನಾಳೆ ಅಲ್ಲಿನವರು ಜಾಗ ಬಿಟ್ಟು ಏಳಬೇಕು. ಮೇಲಂಚಿನಲ್ಲಿ ಒಂದು ಕಡೆ ಮಾತ್ರ ಗೆರೆ ಸ್ವಲ್ಪ ಕೆಳಕ್ಕೆ ಬಾಗಿ, ಒಂದು ಪುಟ್ಟ ಚೌಕವನ್ನು ಹೊರಗಿಟ್ಟು, ಮತ್ತೆ ಮೇಲಕ್ಕೆ ಹೋಗಿತ್ತು. ಆ ಗೆರೆಯನ್ನು ಇನ್ನೂ ಸೀಸದ ಕಡ್ಡಿಯಲ್ಲೇ ಎಳೆದಿದ್ದರು.

"ಇದೇನಿದು ಡೊಂಕು?" ಕ್ರಿಸಾಂತಾ ಬೆರಳಿಟ್ಟಳು.

ನೊಯೆಮಿ ತಲೆ ತಗ್ಗಿಸಿದಳು. ಎವೆರಾರ್ದೊ ಲೋಟ ಕೆಳಗಿಟ್ಟ. "ನಾನೇ ಕೇಳ್ಕೊಂಡೆ, ಕೊಮಾದ್ರೆ. ಅದು ನಿಮ್ಮ ಮನೆ. ನೀವು ಇಷ್ಟೆಲ್ಲ ಮಾಡಿ ನಿಮ್ಮ ಮನೆಯೇ ಹೋಗ್ಬೇಕಾ? ನೊಯೆಮಿ ಅವರು, ಅಂಚಲ್ಲಿದೆ, ಆಗತ್ತೆ ಅಂದ್ರು. ಬಾವಿಯ ಗುಟ್ಟು ಮುಚ್ಚಿಟ್ಟ ಪಾಪಕ್ಕೆ ನನ್ನದೊಂದು ಉಪಕಾರ ಅಂದ್ಕೊಳ್ಳಿ."

"ಉಪಕಾರ," ಎಂದಳು ಕ್ರಿಸಾಂತಾ. ದನಿ ಏರಲಿಲ್ಲ, ಅದಕ್ಕೇ ಇಬ್ಬರಿಗೂ ಹೆದರಿಕೆಯಾಯಿತು. "ಮೂರು ಮಾರು ಕೆಸರನ್ನ ನಾನು ಕಣ್ಣಾರೆ ಕಂಡು ಬಂದಿದೀನಿ, ಇದೇ ಅಂಗಳದಲ್ಲಿ. ಆ ತೆನೆ ಸಿಕ್ಕಿದ್ದು ಇದೇ ಅಂಗಳದಲ್ಲಿ. ಕೆಸರು ಬಂದಾಗ ಈ ಚೌಕ ಬಿಟ್ಟು ಸುತ್ತಿ ಹೋಯ್ತಾ? ಇವತ್ತು ನನಗೆ ಗೆರೆ ಬಾಗಿಸಿದ್ರೆ ನಾಳೆ ಇನ್ನೊಬ್ಬರು ಬಂದು ಶಾಲೆಗೂ ಸ್ವಲ್ಪ ಬಾಗಿಸಿ ಅಂತಾರೆ. ನಾನು ಯಾವ ಬಾಯಲ್ಲಿ ಬೇಡ ಅನ್ಲಿ? ನಾವು ಇಷ್ಟು ವರ್ಷ ಲಂಗಕ್ಕೆ ಹಾಕಿದ ತೇಪೆ ಸಾಲದಾ? ಈಗ ನಕ್ಷೆಗೂ ಹಾಕ್ತೀರಾ?"

ನೊಯೆಮಿಯ ಪೆಟ್ಟಿಗೆಯಿಂದ ಕೆಂಪು ಬಣ್ಣದ ಕಡ್ಡಿಯನ್ನು ಅವಳು ತಾನೇ ತೆಗೆದುಕೊಂಡಳು. ನಕ್ಷೆಯ ಮೇಲೆ ಬಾಗಿ, ಚೌಕದ ಮೇಲೆ ಬಣ್ಣ ಹಚ್ಚಿದಳು. ಒಲೆ, ಹಂಚು, ಹೂಕೋಸಿನ ಮಡಿ, ಬಾವಿಯಿದ್ದ ಹೊಂಡ, ಯರೆಲಿ ಮಲಗುವ ಕೋಣೆ, ಅಷ್ಟೂ ಎರಡು ಬೆರಳಿನಗಲದ ಜಾಗದಲ್ಲಿ ಮುಗಿದವು. ಅಂಚು ಬಿಡದೆ ಚೆನ್ನಾಗಿ ಒತ್ತಿ ಹಚ್ಚಿದಳು.

"ಇನ್ನು ಹೇಳು ತಾಯಿ, ಹಸಿರು ಎಲ್ಲಿಂದ ಶುರು?"

ನೊಯೆಮಿ ಹಿಂಜರಿಯುತ್ತಲೇ ಚರ್ಚಿನ ಮೇಲಿನ ದಿಬ್ಬ ತೋರಿಸಿದಳು. "ಕೆಸರು ಅಲ್ಲಿಗೆ ಯಾವತ್ತೂ ಹತ್ತಿಲ್ಲ. ಶಾಲೆಗೆ ಆಗೋವಷ್ಟು ಜಾಗ ಇರೋದು ಅದೊಂದೇ."

ಆ ದಿಬ್ಬ ಎವೆರಾರ್ದೊನದು. ಅವನ ಅಪ್ಪ ನೆಟ್ಟ ಕತ್ತಾಳೆ ತೋಟ. ಒಂದೊಂದು ಗಿಡ ಹನ್ನೆರಡು ವರ್ಷ ಕಾದರೆ ಒಮ್ಮೆ ರಸ ಕೊಡುತ್ತದೆ. ಆ ರಸದ ಹೆಂಡದಿಂದಲೇ ಅವನ ಮನೆ ನಡೆಯುತ್ತಿತ್ತು.

"ಕೊಂಪಾದ್ರೆ," ಎಂದಳು ಕ್ರಿಸಾಂತಾ, "ನಾನು ನಿಮ್ಮನ್ನ ಒಂದು ಕೇಳ್ಬೇಕು."

"ಕೇಳ್ಬೇಡಿ, ಕೊಮಾದ್ರೆ." ಅವನು ನಕ್ಷೆಯಿಂದ ಕಣ್ಣೆತ್ತಲಿಲ್ಲ. "ಕೇಳಿದ್ರೆ ಕೊಡಬೇಕಾಗತ್ತೆ."

"ಅದಕ್ಕೇ ಕೇಳ್ತಿರೋದು."

ಎವೆರಾರ್ದೊ ಅವಳು ಆಗಷ್ಟೇ ಹಚ್ಚಿದ ಕೆಂಪು ಚೌಕವನ್ನು ಬಹಳ ಹೊತ್ತು ನೋಡಿದ. ಆಮೇಲೆ ಲೋಟದಲ್ಲಿ ಉಳಿದಿದ್ದ ಗಂಜಿಯನ್ನು ಒಂದೇ ಗುಟುಕಿಗೆ ಕುಡಿದು, ಬಾಯಿ ಒರೆಸಿಕೊಂಡ.

"ಯಾವಾಗ ಕಡೀಬೇಕು?"

"ನಾಳೆ ಬೆಳಿಗ್ಗೆ," ಎಂದಳು ಕ್ರಿಸಾಂತಾ. "ಮಚ್ಚು ನಾನು ತರ್ತೀನಿ."